ಕಾನೂನು ಸಲಹೆ: ದಂಪತಿ ಬೇರೆಯಾಗುವಾಗ ದಂಧೆಯ ಗತಿ ಏನು?

ಪ್ರಶ್ನೆ: ಮಾನ್ಯ ವಕೀಲರಿಗೆ ನಮಸ್ಕಾರಗಳು. ನಾನು ಮತ್ತು ನಮ್ಮ ಮನೆಯವರು ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣದೊಂದು ಫೌಂಡ್ರಿ (ಲೋಹ ಎರಕದ ಕಾರ್ಖಾನೆ) ನಡೆಸುತ್ತೇವೆ. ಪಾಲುದಾರಿಕೆ ಪತ್ರದಲ್ಲಿ ಇಬ್ಬರಿಗೂ ಸಮಪಾಲು ಇದೆ. ಲೆಕ್ಕಪತ್ರ, ಪಗಾರ, ಬ್ಯಾಂಕಿನ ಓಡಾಟ ನನ್ನದು. ಕಾಸ್ಟಿಂಗ್ ಮತ್ತು ಗಿರಾಕಿಗಳ ವ್ಯವಹಾರ ಅವರದು. ಎರಡು ವರ್ಷಗಳಿಂದ ಒಂದೇ ಮನೆಯಲ್ಲಿದ್ದರೂ ನಾವು ಗಂಡ-ಹೆಂಡತಿಯಾಗಿ ಬಾಳುತ್ತಿಲ್ಲ. ವಿಚ್ಛೇದನ ಇಬ್ಬರಿಗೂ ಬೇಕು. ಆದರೆ ಕೋರ್ಟಿನಲ್ಲಿ ವರ್ಷಗಟ್ಟಲೆ ಹೊಡೆದಾಡಿದರೆ ಆರ್ಡರುಗಳು ಕೈತಪ್ಪಿ ಕಾರ್ಖಾನೆ ಮುಚ್ಚೀತೆಂಬ ಹೆದರಿಕೆ ಇಬ್ಬರಿಗೂ ಇದೆ. ‘ನಿನ್ನ ಹೆಸರು ಕಾಗದಕ್ಕಷ್ಟೇ ಇತ್ತು’ ಎಂದು ಅವರು ಈಗ ಹೇಳುತ್ತಿದ್ದಾರೆ. ಸಿಸಿ ಸಾಲಕ್ಕೆ (ಕ್ಯಾಶ್ ಕ್ರೆಡಿಟ್, ಅಂದರೆ ದಂಧೆಗೆ ಬೇಕಾದಾಗ ಬೇಕಾದಷ್ಟು ಎತ್ತುವ ಸಾಲ) ನನ್ನ ಸ್ವಂತ ಜಾಮೀನಿದೆ, ನನ್ನ ಹೆಸರಿನ ಮನೆಯೂ ಬ್ಯಾಂಕಿನಲ್ಲಿ ಅಡವಿದೆ. ಮಧ್ಯಸ್ಥಿಕೆಯಲ್ಲಿ ಇದೆಲ್ಲ ಬಗೆಹರಿಯುತ್ತದೆಯೇ? ವಿಚ್ಛೇದನವಾದ ಮೇಲೆ ಜಾಮೀನು ತಾನಾಗಿ ಹೋಗುತ್ತದೆಯೇ?
– ಹೆಸರು ಬೇಡ, ಬೆಳಗಾವಿ

ಉತ್ತರ: ಸಹೋದರಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ನಿಮ್ಮ ಮನೆ ಉಳಿಯುವುದು ಅದರ ಮೇಲೆ ನಿಂತಿದೆ. ಜಾಮೀನು ತಾನಾಗಿ ಹೋಗುವುದಿಲ್ಲ. ವಿಚ್ಛೇದನದ ಡಿಕ್ರಿ ಮದುವೆಯನ್ನು ಮಾತ್ರ ಮುಗಿಸುತ್ತದೆ. ಪಾಲುದಾರಿಕೆ, ಬ್ಯಾಂಕಿನ ಜಾಮೀನು, ತೆರಿಗೆಯ ಹೊಣೆ ಇವುಗಳಲ್ಲಿ ಒಂದೊಂದನ್ನೂ ಅದರದೇ ಕಾಗದಪತ್ರದಿಂದ ಮುಗಿಸಬೇಕಾಗುತ್ತದೆ. 1872ರ ಕರಾರು ಅಧಿನಿಯಮದ 128ನೇ ಕಲಮಿನ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ದೊಡ್ಡದು. ನಿಮ್ಮ ಪತಿ ‘ಇನ್ನು ಮುಂದೆ ಸಾಲವೆಲ್ಲ ನನ್ನದು’ ಎಂದು ರಾಜಿ ಪತ್ರದಲ್ಲಿ ಬರೆದುಕೊಟ್ಟರೂ ಆ ರಾಜಿಯಲ್ಲಿ ಬ್ಯಾಂಕು ಪಕ್ಷಗಾರನಲ್ಲವಾದ್ದರಿಂದ, ಸಾಲ ಸುಸ್ತಿಯಾದ ದಿನ ಬ್ಯಾಂಕಿನವರು ನಿಮ್ಮ ಮನೆಯ ಬಾಗಿಲಿಗೇ ಬರುತ್ತಾರೆ. ಅದೇ ಅಧಿನಿಯಮದ 130ನೇ ಕಲಮು, ಮುಂದುವರಿಯುವ ಜಾಮೀನನ್ನು (ಒಂದೇ ಸಾಲಕ್ಕಲ್ಲದೆ ಸಾಲುಸಾಲು ವ್ಯವಹಾರಗಳಿಗೆ ಕೊಟ್ಟದ್ದು) ನೋಟಿಸು ಕೊಟ್ಟು ಮುಂದಿನ ವ್ಯವಹಾರಗಳ ಮಟ್ಟಿಗೆ ಹಿಂತೆಗೆದುಕೊಳ್ಳಲು ಅವಕಾಶ ಕೊಡುತ್ತದೆ; ಆದರೆ ಈಗಾಗಲೇ ಎತ್ತಿರುವ ಹಣದ ಹೊಣೆ ಅದರಿಂದ ತಪ್ಪುವುದಿಲ್ಲ. ಆದ್ದರಿಂದ ಬೇರೆ ಆಸ್ತಿಯನ್ನೋ ಬೇರೆ ಜಾಮೀನುದಾರರನ್ನೋ ಬ್ಯಾಂಕು ಒಪ್ಪಿಕೊಂಡು ನಿಮ್ಮನ್ನು ಲಿಖಿತವಾಗಿ ಬಿಡುಗಡೆ ಮಾಡಿ, ಮನೆಯ ಮೂಲಪತ್ರಗಳನ್ನು ಹಿಂದಿರುಗಿಸುವುದನ್ನು ರಾಜಿಯ ಮೊದಲ ಷರತ್ತಾಗಿ ಇಟ್ಟುಕೊಳ್ಳಿ. ಇಬ್ಬರೂ ಒಪ್ಪಿದರೆ ಬ್ಯಾಂಕಿನ ಅಧಿಕಾರಿಯನ್ನು ಮಧ್ಯಸ್ಥಿಕೆಯ ಒಂದು ಬೈಠಕಿಗೆ ಕರೆಸಿ ಮಾತನಾಡಬಹುದು. ನ್ಯಾಯಾಲಯದ ವಿಚಾರಣೆಯಲ್ಲಿ ಹೀಗೆ ಸಂಸಾರ ಮತ್ತು ಸಾಲ ಎರಡನ್ನೂ ಒಂದೇ ಮೇಜಿನ ಮೇಲೆ ಇಡುವುದು ಕಷ್ಟ. ಮಧ್ಯಸ್ಥಿಕೆಯ ದೊಡ್ಡ ಅನುಕೂಲವೇ ಇದು.

‘ಹೆಸರು ಕಾಗದಕ್ಕಷ್ಟೇ’ ಎಂಬ ಮಾತಿಗೆ ನೀವು ಅಂಜಬೇಕಾಗಿಲ್ಲ. ಗಂಡನ ದಂಧೆಯಲ್ಲಿ ಹೆಂಡತಿಗೆ ಅರ್ಧ ಸಿಕ್ಕೇ ಸಿಗುತ್ತದೆಂಬ ನಿಯಮ ನಮ್ಮ ರಾಜ್ಯದಲ್ಲಿಲ್ಲ, ನಿಜ. ಆದರೆ ನಿಮ್ಮ ಹಕ್ಕು ಮದುವೆಯಿಂದ ಬಂದದ್ದಲ್ಲ, 1932ರ ಪಾಲುದಾರಿಕೆ ಅಧಿನಿಯಮದಿಂದ ಮತ್ತು ನೀವಿಬ್ಬರೂ ಸಹಿ ಹಾಕಿದ ಪತ್ರದಿಂದ ಬಂದದ್ದು. ಪ್ರತಿ ವರ್ಷದ ತೆರಿಗೆ ರಿಟರ್ನಿನಲ್ಲಿ ಲಾಭವನ್ನು ಇಬ್ಬರೂ ಹಂಚಿಕೊಂಡೇ ತೋರಿಸಿರುತ್ತೀರಿ. ಬ್ಯಾಂಕಿಗೆ ಜಾಮೀನು ಬೇಕಾದಾಗ ಪಾಲುದಾರಳಾಗಿದ್ದವಳು ಪಾಲು ಕೇಳುವಾಗ ಬರಿಯ ಹೆಸರಾಗುವುದು ನ್ಯಾಯವಲ್ಲ. ಮಧ್ಯಸ್ಥಿಕೆದಾರರೆದುರು ಈ ಮಾತನ್ನು ಶಾಂತವಾಗಿ, ಕಾಗದಗಳನ್ನು ಮುಂದಿಟ್ಟು ಹೇಳಿ. ನೀವು ಹೊರಬಂದ ಮೇಲೆ ಅಂತಿಮ ಲೆಕ್ಕ ತೀರಿಸದೆಯೇ ಅವರು ಆ ಸ್ವತ್ತಿನಿಂದ ದಂಧೆ ಮುಂದುವರಿಸಿದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ನಿಮ್ಮ ಪಾಲಿನ ಬಳಕೆಯಿಂದ ಬಂದ ಲಾಭವನ್ನಾಗಲಿ ವರ್ಷಕ್ಕೆ ಶೇಕಡ 6ರ ಬಡ್ಡಿಯನ್ನಾಗಲಿ ಕೇಳುವ ಆಯ್ಕೆಯನ್ನು ಅದೇ ಅಧಿನಿಯಮದ 37ನೇ ಕಲಮು ನಿಮಗೆ ಕೊಟ್ಟಿದೆ.

ಇನ್ನು ದಾರಿ. ಹಿಂದೂ ವಿವಾಹ ಅಧಿನಿಯಮದ 13ಬಿ ಕಲಮಿನಡಿ ಇಬ್ಬರೂ ಸೇರಿ ಅರ್ಜಿ ಹಾಕಲು ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಒಂದೇ ಸೂರಿನಡಿ ಇದ್ದು, ಒಂದೇ ಕಾರ್ಖಾನೆಗೆ ಹೋಗಿಬರುವವರಿಗೆ ಇದು ತೊಡಕೆಂದು ನಿಮಗೆ ಅನ್ನಿಸಬಹುದು; ಆದರೆ ಇಲ್ಲಿ ಮುಖ್ಯವಾದದ್ದು ದಂಪತಿಯಾಗಿ ಬಾಳದಿರುವುದೇ ಹೊರತು ಮನೆಯ ವಿಳಾಸವಲ್ಲವೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅರ್ಜಿಯ ನಂತರದ ಆರು ತಿಂಗಳ ಕಾಯುವಿಕೆಯನ್ನು, ರಾಜಿಯ ಎಲ್ಲ ಅಂಶಗಳೂ ನಿಜವಾಗಿ ಇತ್ಯರ್ಥವಾಗಿ ಮತ್ತೆ ಕೂಡಿ ಬಾಳುವ ಸಾಧ್ಯತೆ ಇಲ್ಲದಿರುವಂಥ ಪ್ರಕರಣಗಳಲ್ಲಿ, ನ್ಯಾಯಾಲಯ ಮನ್ನಾ ಮಾಡಬಹುದೆಂದು 2017ರ ಅಮರದೀಪ್ ಸಿಂಗ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಅರ್ಜಿ ಹಾಕಿದ ಮೇಲೆ ಕೌಟುಂಬಿಕ ನ್ಯಾಯಾಲಯವೇ ನಿಮ್ಮನ್ನು ಮಧ್ಯಸ್ಥಿಕೆಗೆ ಕಳಿಸಬಹುದು. ಅರ್ಜಿಗೆ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕವೂ ಹೋಗಬಹುದು. ನಿಮ್ಮಂಥವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ, ಏಕೆಂದರೆ ಲೆಕ್ಕ ಮೊದಲು ಹೊಂದಿದರೆ ಅರ್ಜಿಯಲ್ಲಿ ಕಹಿ ಮಾತು ಬರೆಯುವ ಪ್ರಸಂಗವೇ ಬರುವುದಿಲ್ಲ. ಮಧ್ಯಸ್ಥಿಕೆದಾರರು ತೀರ್ಪು ಕೊಡುವವರಲ್ಲ. ಅವರು ಇಬ್ಬರನ್ನೂ ಕೂಡಿಸಿ, ಬೇಕಾದಾಗ ಒಬ್ಬೊಬ್ಬರನ್ನೇ ಬೇರೆಯಾಗಿ ಕೂಡಿಸಿ ಮಾತನಾಡಿಸುತ್ತಾರೆ. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತದೆ. ರಾಜಿಯಾಗದಿದ್ದರೆ ‘ಆಗಲಿಲ್ಲ’ ಎಂದಷ್ಟೇ ನ್ಯಾಯಾಲಯಕ್ಕೆ ತಿಳಿಸಬೇಕಲ್ಲದೆ ಯಾರು ಏನು ಹೇಳಿದರೆಂದು ವರದಿ ಮಾಡುವಂತಿಲ್ಲ. ಗಿರಾಕಿಗಳ ದರ, ಬಾಕಿ, ಲಾಭಾಂಶ ಎಲ್ಲವೂ ತುಂಬಿದ ಕೋರ್ಟಿನ ಹಾಲಿನಲ್ಲಿ ಹತ್ತು ಜನರ ಕಿವಿಗೆ ಬೀಳುವುದಕ್ಕಿಂತ ಇದು ದಂಧೆಗೂ ಹಿತ.

ಬೆಲೆ ಕಟ್ಟುವಲ್ಲಿಯೇ ಹೆಚ್ಚಿನ ಮಾತುಕತೆಗಳು ಮುರಿದು ಬೀಳುತ್ತವೆ. ಒಂದೇ ಕಾರ್ಖಾನೆಗೆ ಮೂರು ಬೆಲೆ ಇರುತ್ತದೆ: ಆಡಿಟರ್ ಮಾಡಿದ ಅಢಾವೆ ಪತ್ರಿಕೆಯದು ಒಂದು, ಪ್ರತಿ ತಿಂಗಳು ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಯದು ಇನ್ನೊಂದು, ಶೆಡ್ಡಿನೊಳಗೆ ನಿಜವಾಗಿ ಬಿದ್ದಿರುವ ಮಾಲಿನದು ಮತ್ತೊಂದು. ಲೆಕ್ಕ ಬರೆದವರು ನೀವೇ ಆದ್ದರಿಂದ ಈ ಮೂರರ ನಡುವಿನ ಅಂತರ ನಿಮಗೆ ಗೊತ್ತಿರುತ್ತದೆ; ಅದನ್ನು ಮುಚ್ಚಿಡದೆ ಮೊದಲ ಬೈಠಕಿನಲ್ಲೇ ಬಿಚ್ಚಿಡಿ. ಇಬ್ಬರೂ ಒಪ್ಪಿದ ಒಬ್ಬರೇ ಲೆಕ್ಕಪರಿಶೋಧಕರನ್ನು ಗೊತ್ತುಮಾಡಿ, ಬೆಲೆ ಕಟ್ಟುವ ತಾರೀಖನ್ನು, ಉದಾಹರಣೆಗೆ ಮಾರ್ಚ್ 31 ಎಂದು, ಮೊದಲೇ ನಿಗದಿಪಡಿಸಿ. ಫೌಂಡ್ರಿಯಲ್ಲಿ ಒಂದು ವಿಷಯವನ್ನು ವಿಶೇಷವಾಗಿ ನೋಡಬೇಕು: ರ‍್ಯಾಕಿನಲ್ಲಿ ಸಾಲಾಗಿ ಇಟ್ಟಿರುವ ಪ್ಯಾಟರ್ನುಗಳಲ್ಲಿ (ಎರಕದ ಅಚ್ಚು ತೆಗೆಯುವ ಮಾದರಿಗಳಲ್ಲಿ) ಎಷ್ಟೋ ಗಿರಾಕಿಗಳವು, ಅವರು ಹಣ ಕೊಟ್ಟು ಮಾಡಿಸಿ ನಿಮ್ಮಲ್ಲಿ ಇಟ್ಟವು. ಅವುಗಳನ್ನು ಸಂಸ್ಥೆಯ ಆಸ್ತಿಯೆಂದು ಎಣಿಸಿದರೆ ಬೆಲೆ ಸುಳ್ಳಾಗಿ ಏರುತ್ತದೆ, ನಿಮ್ಮವೇ ಆದ ಪ್ಯಾಟರ್ನುಗಳನ್ನು ಗಿರಾಕಿಗಳವೆಂದು ಬಿಟ್ಟುಬಿಟ್ಟರೆ ಇಳಿಯುತ್ತದೆ. ಒಂದೊಂದರ ಮೇಲಿನ ನಂಬರನ್ನೂ ಬಿಲ್ಲುಗಳೊಂದಿಗೆ ತಾಳೆ ನೋಡಿ ಪಟ್ಟಿ ಮಾಡಿಸಿ. ಕೆಲಸಗಾರರಿಗೆ ಕೊಡಬೇಕಾದ ಗ್ರ್ಯಾಚುಟಿ, ಭವಿಷ್ಯನಿಧಿಯ ಬಾಕಿ, ವಿದ್ಯುತ್ ಬಿಲ್ಲು ಇವು ಸಾಲದ ಕಡೆ ಬರಬೇಕು. ಹತ್ತಾರು ವರ್ಷ ಕುಲುಮೆಯ ಮುಂದೆ ಬೆಂದವರ ಗ್ರ್ಯಾಚುಟಿ ನಿಮ್ಮಿಬ್ಬರ ಹಂಚಿಕೆಯ ನಡುವೆ ಮಾಯವಾಗಬಾರದು.

ಕಾರ್ಖಾನೆ ಅವರಿಗೆ, ಹಣ ನಿಮಗೆ ಎಂದು ಹೊಂದಿಕೆಯಾದರೆ ಒಂದು ತಾಂತ್ರಿಕ ತೊಡಕಿದೆ. ಇಬ್ಬರೇ ಪಾಲುದಾರರಿರುವಲ್ಲಿ ಒಬ್ಬರು ಹೊರಬಂದರೆ ಪಾಲುದಾರಿಕೆಯೇ ಉಳಿಯುವುದಿಲ್ಲ. ಅದೇ ವೇಳೆಗೆ ಅವರು ತಮ್ಮನನ್ನೋ ಪ್ರಾಪ್ತವಯಸ್ಕ ಮಗನನ್ನೋ ಪಾಲುದಾರರನ್ನಾಗಿ ಸೇರಿಸಿಕೊಳ್ಳದಿದ್ದರೆ ಸಂಸ್ಥೆಯ ಪ್ಯಾನ್ ಮುಗಿದು, ಅವರ ಸ್ವಂತ ಹೆಸರಿನಲ್ಲಿ ಹೊಸ ಜಿಎಸ್‌ಟಿ ನೋಂದಣಿ, ಹೊಸ ಬ್ಯಾಂಕ್ ಖಾತೆ, ಗಿರಾಕಿಗಳ ಬಳಿ ಹೊಸ ವೆಂಡರ್ ಕೋಡ್ ಎಲ್ಲವೂ ಬೇಕಾಗುತ್ತವೆ. ಶೆಡ್ಡಿನ ಜಾಗ ಕೈಗಾರಿಕೆಗಳಿಗೆ ಜಾಗ ಹಂಚುವ ಸರ್ಕಾರಿ ಸಂಸ್ಥೆಗಳಾದ ಕೆಐಎಡಿಬಿ ಅಥವಾ ಕೆಎಸ್‌ಎಸ್‌ಐಡಿಸಿ ಹಂಚಿಕೆಯದಾಗಿದ್ದರೆ ಆ ಸಂಸ್ಥೆಯ ಕಡೆಯ ಕೆಲಸಕ್ಕೂ ಸಮಯ ಇಟ್ಟುಕೊಳ್ಳಿ. ನೀವು ಹೊರಬಂದ ಸಂಗತಿಯನ್ನು ಪಾಲುದಾರಿಕೆ ಸಂಸ್ಥೆಗಳ ರಿಜಿಸ್ಟ್ರಾರರಿಗೆ ತಿಳಿಸಿ, ರಾಜ್ಯಪತ್ರದಲ್ಲೂ ಜಿಲ್ಲೆಯಲ್ಲಿ ಓದುವ ಕನ್ನಡ ಪತ್ರಿಕೆಯೊಂದರಲ್ಲೂ ಪ್ರಕಟಿಸಬೇಕು; ಇಲ್ಲವಾದರೆ ಮೂರನೆಯವರ ಪಾಲಿಗೆ ನೀವು ಇನ್ನೂ ಪಾಲುದಾರರೇ. ಜಿಎಸ್‌ಟಿ ಇಲಾಖೆಗೆ ಒಂದು ತಿಂಗಳೊಳಗೆ ಲಿಖಿತವಾಗಿ ತಿಳಿಸದಿದ್ದರೆ, ತಿಳಿಸಿದ ದಿನದವರೆಗಿನ ತೆರಿಗೆಗೂ ನಿಮ್ಮನ್ನೇ ಹಿಡಿಯುತ್ತಾರೆ. ವಿಚ್ಛೇದನದ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವ ಕೆಲಸಗಳಿವು.

ಹಣವನ್ನು ಕಂತಿನಲ್ಲಿ ಕೊಡುವುದಾದರೆ ಒಂದು ಭಾಗ ಅರ್ಜಿ ಹಾಕುವಾಗ ನ್ಯಾಯಾಲಯದಲ್ಲಿನ ಮೊದಲ ಹಾಜರಿಯ ಹೊತ್ತಿಗೆ, ದೊಡ್ಡ ಭಾಗ ಕಾಯುವಿಕೆಯ ನಂತರದ ಎರಡನೆಯ ಹಾಜರಿಯ ದಿನ ಕೈಸೇರುವಂತೆ ಬರೆಸಿ. ಡಿಕ್ರಿಯಾಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಡಿಕ್ರಿಯ ನಂತರವೂ ಕಂತು ಉಳಿದರೆ ಅದಕ್ಕೆ ಭದ್ರತೆ ಮತ್ತು ತಪ್ಪಿದಾಗಿನ ಬಡ್ಡಿಯನ್ನು ಸ್ಪಷ್ಟಪಡಿಸಿ. ನೀವು ಪಕ್ಕದಲ್ಲೇ ಇನ್ನೊಂದು ಫೌಂಡ್ರಿ ತೆರೆಯಬಾರದೆಂದು ಅವರು ಕೇಳಬಹುದು. ಇಂತಿಷ್ಟು ಅವಧಿ ಅಥವಾ ಇಂತಿಷ್ಟು ಪ್ರದೇಶ ಎಂಬ ಮಿತಿಯಿದ್ದು, ಅದು ಸಮಂಜಸವಾಗಿದ್ದರೆ ಅಂಥ ಕರಾರು ಪಾಲುದಾರಿಕೆ ಅಧಿನಿಯಮದ 36ನೇ ಕಲಮಿನಡಿ ಊರ್ಜಿತವಾಗುತ್ತದೆ. ಅದಕ್ಕೆ ಒಪ್ಪುವುದಾದರೆ ನಿಮ್ಮ ದುಡಿಮೆಯ ದಾರಿಯೊಂದನ್ನು ಬಿಟ್ಟುಕೊಟ್ಟಂತೆ. ಅದರ ಬೆಲೆಯನ್ನು ಪ್ರತ್ಯೇಕವಾಗಿ ಕೇಳಿ. ಮನೆ, ನಿವೇಶನಗಳ ವರ್ಗಾವಣೆಯನ್ನು ಡಿಕ್ರಿಗೆ ಮೊದಲು ಮಾಡುವುದೋ ನಂತರ ಮಾಡುವುದೋ ಎಂಬುದನ್ನು ಆಡಿಟರ್ ಜೊತೆ ಕುಳಿತು ನಿರ್ಧರಿಸಿ. ಗಂಡ-ಹೆಂಡತಿಯ ನಡುವಿನ ಉಡುಗೊರೆಗೆ ಪಡೆದವರು ಆದಾಯ ತೆರಿಗೆ ಕಟ್ಟಬೇಕಿಲ್ಲ, ಆದರೆ ಡಿಕ್ರಿಯಾದ ಮರುದಿನ ನೀವು ಗಂಡ-ಹೆಂಡತಿಯಲ್ಲ.

ಪ್ರಶ್ನೆ: ಇಳಕಲ್ಲಿನಲ್ಲಿ ನಮ್ಮ ಅಜ್ಜನ ಕಾಲದಿಂದ ಸೀರೆ ಅಂಗಡಿ ಇದೆ, ಈಗ ನಾನೊಬ್ಬನೇ ನಡೆಸುತ್ತೇನೆ. ಹೆಂಡತಿ ತವರಿಗೆ ಹೋಗಿ ವಿಚ್ಛೇದನ ಕೇಳಿದ್ದಾಳೆ, ಜೊತೆಗೆ ಅಂಗಡಿಯಲ್ಲಿ ಅರ್ಧ ಬೇಕೆನ್ನುತ್ತಾಳೆ. ಅವಳ ಬಂಗಾರವನ್ನು ಅಂಗಡಿಗಾಗಿ ಒತ್ತೆ ಇಟ್ಟದ್ದು ನಿಜ. ಅಂಗಡಿಯನ್ನು ಸದ್ಯಕ್ಕೆ ಅಣ್ಣನ ಹೆಸರಿಗೆ ಮಾಡಿದರೆ ಹೇಗೆ? ಮಧ್ಯಸ್ಥಿಕೆಗೆ ಹೋಗಲೇ?
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ: ಸಹೋದರರೇ, ಅಣ್ಣನ ಹೆಸರಿಗೆ ಮಾಡುವ ಯೋಚನೆಯನ್ನು ಇಂದೇ ಕೈಬಿಡಿ. ಜೀವನಾಂಶದ ಹಕ್ಕನ್ನು ತಪ್ಪಿಸಲು ಮಾಡಿದ ವರ್ಗಾವಣೆಯ ಬೆನ್ನುಹತ್ತಿ ಹೋಗಲು ಕಾನೂನಿನಲ್ಲಿ ದಾರಿಯಿದೆ, ಮತ್ತು ಅದು ಬಯಲಾದ ಮೇಲೆ ನಿಮ್ಮ ಯಾವ ಲೆಕ್ಕವನ್ನೂ ಯಾರೂ ನಂಬುವುದಿಲ್ಲ. 2020ರ ನವೆಂಬರಿನಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಲೇಬೇಕೆಂದು ವಿಧಿಸಿದೆ. ಹೇಗೂ ತೆರೆದಿಡಬೇಕಾದದ್ದನ್ನು ಮಧ್ಯಸ್ಥಿಕೆಯಲ್ಲಿ ತಾವಾಗಿ ತೆರೆದಿಟ್ಟವರಿಗೆ ರಾಜಿ ಬೇಗ ಕುದುರುತ್ತದೆ.

ಅಂಗಡಿಯಲ್ಲಿ ಅರ್ಧ ಪಾಲು ಆಕೆಯ ಹಕ್ಕಲ್ಲ. ಅಜ್ಜನಿಂದ ಬಂದ ಅವಿಭಕ್ತ ಆಸ್ತಿಯಾಗಿದ್ದರೆ ಅದರಲ್ಲಿ ನಿಮ್ಮ ಮಕ್ಕಳಿಗೆ, ಹೆಣ್ಣುಮಗಳಿಗೂ ಸೇರಿ, ಹಕ್ಕಿದೆ; ಅದನ್ನು ತಾಯಿ-ತಂದೆ ತಮ್ಮ ರಾಜಿಯಲ್ಲಿ ಬಿಟ್ಟುಕೊಡುವಂತಿಲ್ಲ. ಆದರೆ ‘ಅರ್ಧ ಇಲ್ಲ’ ಎಂದರೆ ‘ಏನೂ ಇಲ್ಲ’ ಎಂದರ್ಥವಲ್ಲ. ಹಿಂದೂ ವಿವಾಹ ಅಧಿನಿಯಮದ 25ನೇ ಕಲಮಿನಡಿ ಶಾಶ್ವತ ಜೀವನಾಂಶ ನಿಗದಿಪಡಿಸುವಾಗ ನ್ಯಾಯಾಲಯ ನಿಮ್ಮ ಆದಾಯ ಮತ್ತು ಆಸ್ತಿಯನ್ನು ನೋಡುತ್ತದೆ, ಆ ಆದಾಯ ಬರುವುದು ಅಂಗಡಿಯಿಂದಲೇ. ಬಂಗಾರದ ವಿಷಯವಂತೂ ಚೌಕಾಶಿಯದ್ದಲ್ಲ. ಅದು ಸ್ತ್ರೀಧನ. ಕಷ್ಟದಲ್ಲಿ ಗಂಡ ಅದನ್ನು ಬಳಸಿಕೊಂಡರೂ ಹಿಂದಿರುಗಿಸುವ ಹೊಣೆ ಅವನದೇ ಎಂದು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸ್ಪಷ್ಟಪಡಿಸಿದೆ. ಒತ್ತೆಯ ಚೀಟಿಯೊಂದಿಗೆ ಮೊದಲ ಬೈಠಕಿಗೆ ಹೋಗಿ, ಎಷ್ಟು ತೊಲೆ, ಯಾವ ತಾರೀಖಿಗೆ ಬಿಡಿಸಿ ಕೊಡುತ್ತೀರೆಂದು ನೀವೇ ಹೇಳಿ. ಅಷ್ಟು ಹೇಳಿದರೆ ಅರ್ಧ ಅಂಗಡಿಯ ಪಟ್ಟು ಎಷ್ಟೋ ಸಡಿಲವಾದೀತು. ಆ ಪಟ್ಟಿನ ಹಿಂದೆ ಬಹಳ ಸಲ ಬಂಗಾರ ಬಾರದೆಂಬ ಭಯವೇ ಇರುತ್ತದೆ.

ನಿಮ್ಮ ಅಂಗಡಿಯ ಮಾಲು ಕಪಾಟಿನಲ್ಲಿರುವುದಷ್ಟೇ ಅಲ್ಲ. ನೇಕಾರರ ಮನೆಗಳಲ್ಲಿ ಯಾವ ಯಾವ ಮಗ್ಗದ ಮೇಲೆ ನಿಮ್ಮ ಹಾಸು ಏರಿದೆ, ಯಾರಿಗೆ ಎಷ್ಟು ರೇಷ್ಮೆ ನೂಲು ಹೋಗಿದೆ, ಯಾರಲ್ಲಿ ಎಷ್ಟು ಮುಂಗಡ ನಿಂತಿದೆ, ಬೇರೆ ಊರಿನ ಅಂಗಡಿಗಳಿಗೆ ಉದ್ರಿ ಕಳಿಸಿದ ಸೀರೆಗಳೆಷ್ಟು ಎಂಬುದೆಲ್ಲ ವಹಿಯಲ್ಲಿ ಇರಬೇಕು. ಬಾಯಿಲೆಕ್ಕದಲ್ಲಿ ಇದ್ದರೆ ಈಗಲೇ ಬರೆದಿಡಿ. ಪರಿಹಾರದ ಹಣವನ್ನು ಪ್ರತಿ ತಿಂಗಳ ಲಾಭಕ್ಕೆ ಕಟ್ಟಿಹಾಕಬೇಡಿ. ಹಾಗೆ ಮಾಡಿದರೆ ತಿಂಗಳಿಗೊಮ್ಮೆ ಲೆಕ್ಕದ ಜಗಳ ಜೀವನವಿಡೀ ಮುಂದುವರಿಯುತ್ತದೆ. ದೀಪಾವಳಿ ಮತ್ತು ಮದುವೆಯ ಸೀಸನ್ನಿನ ನಂತರ ನಿಮ್ಮ ಕೈಯಲ್ಲಿ ಹಣ ಓಡಾಡುವ ತಿಂಗಳುಗಳನ್ನು ನೋಡಿಕೊಂಡು, ನಿಗದಿತ ಮೊತ್ತವನ್ನು ಕೆಲವೇ ಕಂತುಗಳಲ್ಲಿ ಮುಗಿಸುವಂತೆ ಕೇಳಿಕೊಳ್ಳಿ.

ಪ್ರಶ್ನೆ: ರಬಕವಿ-ಬನಹಟ್ಟಿಯಲ್ಲಿ ನನ್ನ ಗಂಡನ ಪಾವರ್‌ಲೂಮ್‌ಗಳಿವೆ. ಹೊಡೆತ ತಾಳದೆ ಕೇಸು ಹಾಕಿದ್ದೇನೆ. ಈಗ ಮಧ್ಯಸ್ಥಿಕೆಗೆ ಕಳಿಸಿದ್ದಾರೆ. ಕೇಸು ಹಿಂತೆಗೆದರೆ ಆರು ಮಗ್ಗ ನನ್ನ ಹೆಸರಿಗೆ ಬರೆಯುತ್ತೇನೆ ಅನ್ನುತ್ತಾನೆ. ಅವನೆದುರು ಕೂಡಲಿಕ್ಕೇ ನನಗೆ ಅಂಜಿಕೆ.
– ನೊಂದ ಓದುಗರು

ಉತ್ತರ: ತಂಗಿ, ಅವನೆದುರು ಕೂಡಲೇಬೇಕೆಂದು ಯಾರೂ ನಿಮ್ಮನ್ನು ಒತ್ತಾಯಿಸುವಂತಿಲ್ಲ. ಬೈಠಕಿಗೆ ಮೊದಲೇ ಮಧ್ಯಸ್ಥಿಕೆದಾರರಿಗೆ ಹೊಡೆತದ ವಿಷಯ ತಿಳಿಸಿ, ಬೇರೆ ಕೋಣೆಯಲ್ಲಿ ಮಾತನಾಡಿಸುವಂತೆ ಕೇಳಿಕೊಳ್ಳಿ. ಬೇಡವೆನಿಸಿದರೆ ಎದ್ದು ಬರುವ ಹಕ್ಕು ನಿಮಗಿದೆ. ನೀವು ಹೆಣ್ಣುಮಗಳಾದ್ದರಿಂದ ಆದಾಯ ಎಷ್ಟೇ ಇರಲಿ 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಡಿ ಉಚಿತವಾಗಿ ವಕೀಲರು ಸಿಗುತ್ತಾರೆ, ಒಬ್ಬರೇ ಹೋಗಬೇಡಿ. ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣೆ ಮತ್ತು ವಾಸದ ಆದೇಶ ಸಿಕ್ಕಿದ್ದರೆ ಮಾತುಕತೆಗಾಗಿ ಅದನ್ನು ಬಿಟ್ಟುಕೊಡಬಾರದು.

ಮಗ್ಗಗಳ ಮಾತಿಗೆ ಬಂದರೆ, ಕ್ರೌರ್ಯದ ಕ್ರಿಮಿನಲ್ ಕೇಸು ನೀವು ‘ಹಿಂತೆಗೆದೆ’ ಎಂದಾಕ್ಷಣ ಕೆಳಗಿನ ನ್ಯಾಯಾಲಯದಲ್ಲಿ ಮುಗಿಯುವಂಥದ್ದಲ್ಲ; ರಾಜಿಯಾದ ಮೇಲೂ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರದ್ದತಿ ಕೋರಬೇಕಾಗುತ್ತದೆ, ಅದಕ್ಕೆ ನಿಮ್ಮ ಪ್ರಮಾಣಪತ್ರ ಬೇಕು. ಆ ಪ್ರಮಾಣಪತ್ರಕ್ಕೆ ಸಹಿ ಹಾಕುವ ಮೊದಲು ಮಗ್ಗಗಳು ನಿಮ್ಮ ಕೈಸೇರಿರಬೇಕು. ಅವು ಬ್ಯಾಂಕಿನ ಸಾಲಕ್ಕೆ ಒತ್ತೆಯಾಗಿವೆಯೇ, ವಿದ್ಯುತ್ ಮೀಟರು ಯಾರ ಹೆಸರಿನಲ್ಲಿದೆ, ಶೆಡ್ಡು ಯಾರದು ಎಂದು ಮೊದಲು ತಿಳಿದುಕೊಳ್ಳಿ. ಅವನದೇ ಶೆಡ್ಡಿನಲ್ಲಿ, ಅವನದೇ ಮೀಟರಿನಲ್ಲಿ ಓಡುವ ಆರು ಮಗ್ಗಗಳಿಗಿಂತ ನಿಮ್ಮ ಖಾತೆಗೆ ಬಂದ ಹಣವೇ ಲೇಸೆಂದು ನನ್ನ ಸ್ಪಷ್ಟ ಅಭಿಪ್ರಾಯ.

ಪ್ರಶ್ನೆ: ವಿಜಯಪುರ ಜಿಲ್ಲೆಯ ನಮ್ಮ ತಮ್ಮ ಒಣದ್ರಾಕ್ಷಿ ವ್ಯಾಪಾರಿ. ಗಂಡ-ಹೆಂಡತಿ ಬೇರೆಯಾಗಬೇಕೆಂದು ಹಿರಿಯರು ಕೂಡಿ ನೂರು ರೂಪಾಯಿ ಬಾಂಡಿನ ಮೇಲೆ ಬರೆಸಿ ಇಬ್ಬರ ಸಹಿ ಹಾಕಿಸಿದ್ದಾರೆ. ಕೋಲ್ಡ್ ಸ್ಟೋರೇಜಿನಲ್ಲಿರುವ ಮಾಲಿನಲ್ಲಿ ಅರ್ಧ ಅವಳಿಗೆ ಎಂದಿದೆ. ಇನ್ನು ಕೋರ್ಟು ಯಾಕೆ? ತಮ್ಮನಿಗೆ ಬೇರೆ ಸಂಬಂಧ ನೋಡುತ್ತಿದ್ದೇವೆ.
– ಓದುಗರು, ವಿಜಯಪುರ

ಉತ್ತರ: ಸಂಬಂಧ ನೋಡುವುದನ್ನು ನಿಲ್ಲಿಸಿ. ನಿಮ್ಮ ಸಮುದಾಯದಲ್ಲಿ ವಿಚ್ಛೇದನದ ರೂಢಿ ಬಹುಕಾಲದಿಂದ ಇದೆಯೆಂದು ನ್ಯಾಯಾಲಯದಲ್ಲಿ ಸಾಬೀತುಪಡಿಸಬಲ್ಲಿರಾದರೆ ಮಾತು ಬೇರೆ. ಉಳಿದಂತೆ ಬಾಂಡಿನ ಮೇಲಿನ ಸಹಿಯಿಂದ ಹಿಂದೂ ವಿವಾಹ ರದ್ದಾಗುವುದಿಲ್ಲ. ಡಿಕ್ರಿಯಿಲ್ಲದೆ ಇನ್ನೊಂದು ಮದುವೆಯಾದರೆ ಆ ಮದುವೆ ಅನೂರ್ಜಿತ, ನಿಮ್ಮ ತಮ್ಮನಿಗೆ ಏಳು ವರ್ಷಗಳವರೆಗೆ ಸೆರೆವಾಸವಾಗಬಹುದು, ಬರುವ ಹುಡುಗಿಗೆ ಹೆಂಡತಿಯ ಸ್ಥಾನವೂ ಸಿಗುವುದಿಲ್ಲ.

ಹಿರಿಯರು ಮಾಡಿದ್ದು ವ್ಯರ್ಥವೆಂದು ನಾನು ಹೇಳುವುದಿಲ್ಲ. ಇಬ್ಬರೂ ಒಂದು ಮಾತಿಗೆ ಬಂದಿದ್ದಾರೆ, ಅರ್ಧ ಕೆಲಸ ಆಗಿದೆ. ಒಂದು ವರ್ಷ ಬೇರೆಯಿದ್ದಾರಾದರೆ ಅದೇ ಷರತ್ತುಗಳನ್ನಿಟ್ಟುಕೊಂಡು ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿಸಿ, ಮಧ್ಯಸ್ಥಿಕೆಯಲ್ಲಿ ಅವುಗಳನ್ನು ಬಿಗಿಯಾಗಿ ಬರೆಸಿ. ‘ಮಾಲಿನಲ್ಲಿ ಅರ್ಧ’ ಎಂಬ ಒಂದು ಸಾಲು ಸಾಲದು. ನಿಮ್ಮ ಕಡೆಯ ಒಣದ್ರಾಕ್ಷಿ ಮಹಾರಾಷ್ಟ್ರದ ತಾಸಗಾಂವದ ಪೇಟೆಗೂ ಹೋಗುತ್ತದೆ, ಎರಡೂ ರಾಜ್ಯಗಳ ಸ್ಟೋರೇಜುಗಳಲ್ಲಿ ಮಾಲು ಇದ್ದೀತು, ರಸೀದಿಯ ಮೇಲೆ ಸಾಲ ಎತ್ತಿರಲೂಬಹುದು. ಯಾವ ಸ್ಟೋರೇಜಿನ ಯಾವ ರಸೀದಿ, ಎಷ್ಟು ಪೆಟ್ಟಿಗೆ, ಯಾವ ದರ್ಜೆಯ ಮಾಲು, ಬಾಡಿಗೆ ಮತ್ತು ಸಾಲದ ಬಾಕಿ ಯಾರು ಕಟ್ಟಬೇಕು, ಮಾರುವ ದಿನ ದರ ಬಿದ್ದರೆ ನಷ್ಟ ಯಾರಿಗೆ ಎಂಬುದನ್ನೆಲ್ಲ ಬರೆಯಬೇಕು. ದರದ ಏರಿಳಿತ ಆಕೆಗೆ ಬೇಡವಾದರೆ ಇಂದಿನ ಪೇಟೆಯ ದರಕ್ಕೆ ಬೆಲೆ ಕಟ್ಟಿ ಹಣವನ್ನೇ ಕೊಡುವುದು ಇಬ್ಬರಿಗೂ ಸುಲಭ. ರಸೀದಿಗಳ ನಕಲುಗಳನ್ನು ರಾಜಿ ಪತ್ರಕ್ಕೆ ಲಗತ್ತಿಸಿ, ಪ್ರತಿಯೊಂದು ಪುಟಕ್ಕೂ ಇಬ್ಬರ ಸಹಿ ಹಾಕಿಸಿ.